ಹೊರೆಗೊಂದು ಹೆಗಲು

ವಿಜಯಪುರದಲ್ಲಿ ತಪಸ್ಸುಕಾಲ ಬರುವುದು ಬಿಳಿಜೋಳದ ಸುಗ್ಗಿಯ ಹಿಂದೆಯೇ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಹೊತ್ತಿಗೆ ಹೊಲಗಳಲ್ಲಿ ಕಣಿಕೆಯ ಬಣವೆಗಳು ಎದ್ದಿರುತ್ತವೆ. ಪಾಸ್ಕ ಹಬ್ಬ ಹತ್ತಿರವಾದಂತೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬಾವಿಗಳ ತಳ ಕಾಣುತ್ತದೆ. ಈ ದಿನಗಳ ಪ್ರತಿ ಶುಕ್ರವಾರ ಸಂಜೆ ನಮ್ಮ ಚರ್ಚಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ. ಪಿಲಾತನ ತೀರ್ಪಿನಿಂದ ಸಮಾಧಿಯವರೆಗಿನ 14 ಚಿತ್ರಗಳ ಮುಂದೆ ಒಂದೊಂದಾಗಿ ನಿಂತು, ಮೊಣಕಾಲೂರಿ, ಎದ್ದು ಮುಂದೆ ಸಾಗಬೇಕು. ನಮ್ಮದು ಸಣ್ಣ ಸಭೆ. ಮಂಗಳೂರು ಕಡೆಯ ಕೊಂಕಣಿಗರು, ರೈಲ್ವೆಯಲ್ಲಿದ್ದ ತಮಿಳರು, ಕೇರಳದ ದಾದಿಯರು, ಅವ್ವನ ಹಾಗೆ ಮುದಗಲ್ಲಿನಿಂದ ಬಂದ ಕನ್ನಡದವರು. ಮನೆಯಲ್ಲಿ ಯಾವ ಮಾತಾಡಿದರೂ ಆ ಹಾದಿಯನ್ನು ಎಲ್ಲರೂ ಕನ್ನಡದಲ್ಲೇ ನಡೆಯುತ್ತಿದ್ದರು.

ಅವ್ವ ಐದನೆಯ ಸ್ಥಳದಲ್ಲಿ ಮೊಣಕಾಲೂರಿದವಳು ಏಳಲು ತಡಮಾಡುತ್ತಿದ್ದಳು. ಯೇಸುಸ್ವಾಮಿಯ ಶಿಲುಬೆಗೆ ಸಿರೇನಿನ ಸೀಮೋನ ಹೆಗಲು ಕೊಡುವ ಸ್ಥಳ ಅದು. ಸೀಮೋನ ಹೊಲದ ಕಡೆಯಿಂದ ಬರುತ್ತಿದ್ದ, ದಾರಿಯಲ್ಲಿ ಹೋಗುತ್ತಿದ್ದವನನ್ನು ಸೈನಿಕರು ಹಿಡಿದು ಬಲವಂತದಿಂದ ಶಿಲುಬೆ ಹೊರಿಸಿದರು ಎನ್ನುತ್ತದೆ ಮಾರ್ಕನ ಶುಭಸಂದೇಶ. ಅವನು ಶಿಷ್ಯನಲ್ಲ, ತಾನಾಗಿ ಮುಂದೆ ಬಂದವನೂ ಅಲ್ಲ. "ಪಾಪ, ದುಡದು ದಣದು ಮನಿಗಿ ಹೊಂಟಾಂವ. ಹಿಡದು ಹೊರಿಸಿದ್ರು. ಆದ್ರ ಹೊತ್ತ ನೋಡವ್ವ" ಎನ್ನುತ್ತಿದ್ದಳು ಅವ್ವ. ಹನ್ನೆರಡು ಶಿಷ್ಯರಲ್ಲಿ ಬಹುತೇಕರು ಓಡಿಹೋಗಿದ್ದ ಹೊತ್ತಿನಲ್ಲಿ ಒಬ್ಬ ಒಕ್ಕಲಿಗ ಆ ಭಾರಕ್ಕೆ ಸಿಕ್ಕಿದನೆಂಬುದು ಅವಳಿಗೆ ಬಲು ದೊಡ್ಡ ಮಾತಾಗಿತ್ತು. ನೋವನ್ನು ಅಪ್ಪಿಕೊಳ್ಳುವುದು ಎಂದು ನಮ್ಮ ಧರ್ಮ ಹೇಳುವುದರ ತಿರುಳನ್ನು ನಾನು ತಿಳಿದದ್ದು ಈ ಸೀಮೋನನಿಂದ, ಮತ್ತು ಅವನನ್ನು ತನ್ನ ಬದುಕಿಗೆ ಇಳಿಸಿಕೊಂಡ ಅವ್ವನಿಂದ.

ಅವ್ವ ಸರ್ಕಾರಿ ದಾದಿ. ಮೊದಲು ಕೆಲಸ ಮಾಡಿದ್ದು ತಿಕೋಟಾದಲ್ಲಿ, ಆಮೇಲೆ ಬಬಲೇಶ್ವರದಲ್ಲಿ. ಈಗ ಎರಡೂ ತಾಲೂಕು ಕೇಂದ್ರಗಳು, ಆಗ ವಿಜಾಪುರ ತಾಲೂಕಿಗೇ ಸೇರಿದ ಊರುಗಳು. ತಿಕೋಟಾ ಅಥಣಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರ, ಬಬಲೇಶ್ವರ ಜಮಖಂಡಿ ರಸ್ತೆಯಲ್ಲಿ ಅದಕ್ಕಿಂತ ತುಸು ಹೆಚ್ಚು. ಜನ ಅವಳನ್ನು ನರ್ಸಬಾಯಿ ಎನ್ನುತ್ತಿದ್ದರು. ಹೆರಿಗೆಗೆಂದು ಆಸ್ಪತ್ರೆಗೆ ಬರುವ ರೂಢಿ ಆಗಿನ್ನೂ ಬಲಿತಿರಲಿಲ್ಲ. ಹೊಲದ ವಸ್ತಿಗಳಲ್ಲಿ, ತಾಂಡಾಗಳಲ್ಲಿ ಸೂಲಗಿತ್ತಿಯ ಕೈಮೀರಿದಾಗ ಮಾತ್ರ ನಡುರಾತ್ರಿ ಯಾರೋ ಸೈಕಲ್ ಏರಿ ಬಂದು ಬಾಗಿಲು ಬಡಿಯುತ್ತಿದ್ದರು. ಅವ್ವ ಚೀಲ ತೆಗೆದುಕೊಂಡು ಹೊರಡುತ್ತಿದ್ದಳು. ಕೆಲವೊಮ್ಮೆ ಎತ್ತಿನ ಬಂಡಿ, ಕೆಲವೊಮ್ಮೆ ಕಾಲುನಡಿಗೆ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ಚಪ್ಪಲಿಯನ್ನು ಕಿತ್ತುಕೊಂಡುಬಿಡುತ್ತದೆ. ಬಬಲೇಶ್ವರದ ರಸ್ತೆಯಲ್ಲಿ ಸಾರವಾಡದ ಹತ್ತಿರ ಡೋಣಿ ಹೊಳೆ ಉಕ್ಕಿದರೆ ಈಚೆಯವರು ಈಚೆ, ಆಚೆಯವರು ಆಚೆ.

ಬೆಳಗಿನ ಜಾವ ಮರಳಿದವಳು ಹಿಮ್ಮಡಿಗೆ ಬಿಸಿನೀರು ಹಾಕಿಕೊಳ್ಳುತ್ತ ಕೂಡುತ್ತಿದ್ದಳು. ಕಾಲಿನ ನರಗಳು ಹುರಿಗಟ್ಟಿ ನೀಲಿಯಾಗಿದ್ದವು. ನೋವಾಗುತ್ತದಾ ಎಂದು ಕೇಳಿದರೆ ಇಲ್ಲ ಎನ್ನುತ್ತಿರಲಿಲ್ಲ. "ಆಗ್ತದ. ಆ ಬಾಣಂತಿ ಹೆಸರಿಲೆ ಸ್ವಾಮಿಗಿ ಒಪ್ಪಿಸೀನಿ" ಎನ್ನುತ್ತಿದ್ದಳು. ತನಗಾದ ನೋವನ್ನು ಇನ್ನೊಬ್ಬರ ಹಿತಕ್ಕಾಗಿ ದೇವರ ಕೈಗೆ ಒಪ್ಪಿಸುವುದು ಕ್ಯಾಥೊಲಿಕ್ ಮನೆಗಳ ಹಳೆಯ ರೂಢಿ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲ, ಕ್ರಿಸ್ತನ ಯಾತನೆಯಲ್ಲಿ ಇನ್ನೂ ಉಳಿದಿರುವುದನ್ನು ಸಭೆಗಾಗಿ ತನ್ನ ದೇಹದಲ್ಲಿ ತುಂಬಿಕೊಡುತ್ತಿದ್ದೇನೆ ಎಂಬರ್ಥದ ಮಾತು ಹೇಳುತ್ತಾನೆ. ರೂಢಿಯ ಬೇರು ಅಲ್ಲಿದೆ. ಫ್ರಾನ್ಸಿನ ಲಿಸ್ಯುವಿನ ಸಂತ ತೆರೇಸಾ ಮಠದ ಗೋಡೆಯೊಳಗೇ ಬಾಳಿ, ಕ್ಷಯದಿಂದ ನರಳಿ, 1897ರಲ್ಲಿ 24ನೆಯ ವಯಸ್ಸಿಗೆ ತೀರಿಕೊಂಡವಳು. ದಿನದ ಚಿಕ್ಕಪುಟ್ಟ ಕಷ್ಟಗಳನ್ನು ದೂರದ ದೇಶಗಳ ಧರ್ಮಪ್ರಚಾರಕರ ಹೆಸರಿನಲ್ಲಿ ಒಪ್ಪಿಸುತ್ತಿದ್ದಳು. ಅವ್ವ ತೆರೇಸಾಳ ಪುಸ್ತಕ ಓದಿದವಳಲ್ಲ. ತಿಕೋಟಾದ ದಾರಿಯಲ್ಲಿ ಅದೇ ಕೆಲಸವನ್ನು ಮಾಡಿದಳು.

ಆದರೆ ಇದೇ ಮಾತನ್ನು ಅವ್ವ ನೋವಿನಲ್ಲಿರುವ ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ತಿಕೋಟಾದ ಒಂದು ಮನೆಯಲ್ಲಿ ಕೂಸು ಉಳಿಯಲಿಲ್ಲ. ಪಕ್ಕದಲ್ಲಿ ಕೂತ ಹಿರಿಯ ಹೆಂಗಸು ಬಾಣಂತಿಯ ಕಡೆ ತಿರುಗಿ, ದೇವರು ಕೊಟ್ಟಿದ್ದ, ದೇವರೇ ಒಯ್ದ ಎಂದು ಸಮಾಧಾನ ಶುರುಮಾಡಿದರು. ಅವ್ವ ಆಕೆಯ ಕೈ ಹಿಡಿದು ಹೊರಗೆ ಕರೆತಂದು, "ಅಮ್ಮಾರ, ಈಗ ಏನೂ ಹೇಳಬ್ಯಾಡ್ರಿ. ಒಂದೀಟು ಗಂಜಿ ಕಾಸಿ ಕೊಡ್ರಿ" ಎಂದಳು. ಆವತ್ತು ರಜೆಯೆಂದು ಅವಳ ಜೊತೆ ಹೋಗಿದ್ದೆ. ದಾರಿಯಲ್ಲಿ ನನಗೆ ಹೇಳಿದ ಮಾತು ಈಗಲೂ ನನ್ನ ನೇಮ: "ನಿನ್ನ ನೋವು ದೇವರಿಗಿ ಕೊಡು. ಮಂದಿ ನೋವಿಗಿ ಔಷಧ ಕೊಡು. ಇದನ್ನ ಅದಲುಬದಲು ಮಾಡಬ್ಯಾಡ."

ಇದು ಅವಳೊಬ್ಬಳ ಮಾತಾಗಿರಲಿಲ್ಲ ಎಂದು ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಎರಡನೆಯ ಯೊವಾನ್ನ ಪೌಲ್ ಪೋಪರ ಮೇಲೆ 1981ರ ಮೇ 13ರಂದು ವ್ಯಾಟಿಕನ್ನಿನಲ್ಲಿ ಗುಂಡು ಹಾರಿತು. ಬದುಕಿ ಉಳಿದ ಅವರು 1984ರ ಫೆಬ್ರವರಿ 11ರಂದು ಮಾನವರ ಯಾತನೆಯ ಕುರಿತು ಒಂದು ದೀರ್ಘ ಪತ್ರ ಬರೆದರು. ಎರಡು ವರ್ಷದ ಮೇಲೆ ಅವರು ಮಂಗಳೂರಿಗೆ ಬಂದಾಗ ಅಪ್ಪ ಅಲ್ಲಿಗೆ ಹೋಗಿ ದೂರದಿಂದ ನೋಡಿ ಬಂದಿದ್ದರು, ಮನೆಯಲ್ಲಿ ಅದರದೇ ಮಾತು. ಪತ್ರವನ್ನು ನಾನು ಓದಿದ್ದು ಕಾಲೇಜು ಮುಗಿದ ಮೇಲೆ. ಯಾತನೆಯ ಅರ್ಥವನ್ನು ಶಿಲುಬೆಯಲ್ಲಿ ಹುಡುಕುತ್ತ ಹೋಗುವ ಆ ಬರಹ ಕೊನೆಗೆ ಬಂದು ನಿಲ್ಲುವುದು ಒಳ್ಳೆಯ ಸಮಾರಿಯದವನ ಕಥೆಯಲ್ಲಿ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ನಿಂತು, ಎಣ್ಣೆ ದ್ರಾಕ್ಷಾರಸ ಹಾಕಿ ಗಾಯ ಕಟ್ಟಿ, ಛತ್ರಕ್ಕೆ ಒಯ್ದು ಹಣ ಕೊಟ್ಟವನ ಕಥೆ ಅದು. ತನ್ನ ಯಾತನೆಯಿಂದ ಒಳಿತು ಮಾಡುವುದು, ಯಾತನೆಪಡುವವರಿಗೆ ಒಳಿತು ಮಾಡುವುದು, ಇವೆರಡನ್ನೂ ಕ್ರಿಸ್ತ ಒಟ್ಟಿಗೇ ಕಲಿಸಿದ ಎಂಬುದು ಪತ್ರದ ನಿಲುವು. ಓದಿ ಮುಗಿಸಿದಾಗ ಅವ್ವನ ಮಾತು ನೆನಪಾಗಿ ಮೈ ನವಿರೆದ್ದಿತು.

ಶುಭಸಂದೇಶಗಳನ್ನು ಈ ಕಣ್ಣಿನಿಂದ ಮತ್ತೆ ಓದಿದೆ. ಯೇಸು ಯಾವ ರೋಗಿಗೂ ನಿನ್ನ ರೋಗ ನಿನಗೇ ಇರಲಿ, ಅದು ಪುಣ್ಯ ಎಂದು ಹೇಳಿ ಕಳಿಸಲಿಲ್ಲ. ಕುರುಡನಿಗೆ ಕಣ್ಣು, ಕುಷ್ಠರೋಗಿಗೆ ಮುಟ್ಟಿದ ಕೈ, ಹಸಿದವರಿಗೆ ರೊಟ್ಟಿ ಕೊಟ್ಟ. ತನ್ನ ಸರದಿ ಬಂದಾಗಲೂ ಅವನು ನೋವನ್ನು ಅರಸಿಕೊಂಡು ಹೋಗಲಿಲ್ಲ. ಗೆತ್ಸೆಮನೆ ತೋಟದಲ್ಲಿ, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿಕೊಂಡ. ಪ್ರೀತಿಸಿದವರನ್ನು ಬಿಟ್ಟು ಓಡಿದರೆ ಮಾತ್ರ ತಪ್ಪಿಸಿಕೊಳ್ಳಬಹುದಾದ ನೋವು ಎದುರಾದಾಗ ಓಡಲಿಲ್ಲ. ನಮ್ಮ ಧರ್ಮ ಅಪ್ಪಿಕೋ ಎನ್ನುವುದು ಇಂಥ ನೋವನ್ನು.

ಬರದ ಸೀಮೆಯಲ್ಲಿ ಬೆಳೆದವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಡೋಣಿ ಹರಿದರೆ ಓಣಿ ತುಂಬ ಕಾಳು ಎಂಬ ನಂಬಿಕೆಯಲ್ಲಿ ಬದುಕಿದ ನಾಡಿದು. ಡೋಣಿ ಬತ್ತಿದ ವರ್ಷ ಹೆಂಗಸರು ಹರದಾರಿ ದೂರದಿಂದ ಕೊಡ ಹೊತ್ತು ತರುತ್ತಿದ್ದುದನ್ನು ನೋಡಿದವರು ಬಾಯಾರಿಕೆಯನ್ನು ಪವಿತ್ರವೆನ್ನಲಾರರು. ಇವತ್ತು ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಹರಿದಿದೆ, ತಿಕೋಟಾದ ಸುತ್ತ ದ್ರಾಕ್ಷಿ ಪಡಗಳು, ಒಣದ್ರಾಕ್ಷಿಯ ಶೆಡ್ಡುಗಳು. ನೀಗಬಹುದಾದ ನೋವನ್ನು ನೀಗಿಸಬೇಕು. ನೀಗಿಸುವ ಕೆಲಸದಲ್ಲಿ ಬರುವ ನೋವನ್ನು ಮಾತ್ರ ಮೈಮೇಲೆ ತೆಗೆದುಕೊಳ್ಳಬೇಕು.

ಯೇಸುಸ್ವಾಮಿಯ ಗಾಯಗಳ ಕಥೆಯನ್ನು ಅವ್ವ ಹಳ್ಳಿಯ ಹೆಂಗಸರಿಗೆ ಹೇಳುವಾಗ ವಿವರಿಸುವ ಕಷ್ಟ ಬೀಳುತ್ತಿರಲಿಲ್ಲ. ಅವರೆಲ್ಲ ಕರ್ಬಲಾದ ಕಥೆ ಕೇಳಿ ಬೆಳೆದವರು. ಅವ್ವನ ಊರು ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದಲೂ ಕನ್ನಡ ಮಾತಾಡುವ ಕ್ಯಾಥೊಲಿಕರಿದ್ದಾರೆ. ಅಲ್ಲಿಯ ಮೊಹರಮ್ಮೂ ಅಷ್ಟೇ ಹೆಸರಾದದ್ದು. ನಮ್ಮ ಕಡೆಯ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ನೆರೆಯುವವರಿಗೆ ಜಾತಿಯಿಲ್ಲ. ಹರಕೆ ಹೊತ್ತ ಹಿಂದೂ ಮನೆಗಳ ಮಕ್ಕಳು ಫಕೀರರಾಗುತ್ತಾರೆ, ಹಾಡುವವರು ಹಸನ ಹುಸೇನರ ಬಾಯಾರಿಕೆಯನ್ನು, ನೀರು ಸಿಗದೆ ಸತ್ತ ಕೂಸನ್ನು ರಿವಾಯತ ಪದಗಳಲ್ಲಿ ಕನ್ನಡದಲ್ಲೇ ಹಾಡುತ್ತಾರೆ. ಬಬಲೇಶ್ವರದಲ್ಲಿ ಅವ್ವನ ಪಕ್ಕ ನಿಂತು ಆ ಹಾಡು ಕೇಳುವಾಗ ಅವಳ ಕಣ್ಣು ತೇವವಾಗುತ್ತಿದ್ದುದನ್ನು ಕಂಡಿದ್ದೇನೆ. ನ್ಯಾಯಕ್ಕಾಗಿ ನೊಂದವನ ದುಃಖವನ್ನು ವರ್ಷಕ್ಕೊಮ್ಮೆ ತನ್ನದಾಗಿಸಿಕೊಂಡು ಅಳುವುದನ್ನು ಈ ನೆಲ ನಮ್ಮ ಚರ್ಚು ಕಟ್ಟುವ ಮೊದಲೇ ಕಲಿತಿತ್ತು.

ಈ ನೆಲಕ್ಕೆ ತ್ಯಾಗವೂ ಹೊಸದಲ್ಲ. ತಿಕೋಟಾದ ಹತ್ತಿರದ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಅವ್ವ ಬಿಡುವಾದಾಗಲೆಲ್ಲ ಹೋಗುತ್ತಿದ್ದಳು. ಕಿಸೆಯಿಲ್ಲದ ಬಿಳಿ ಅಂಗಿ ತೊಟ್ಟ ಆ ಹಿರಿಯರು 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. ತಮಗೆ ಸ್ಮಾರಕ ಕಟ್ಟಬಾರದು, ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಬೂದಿಯನ್ನು ನೀರಿಗೆ ಬಿಡಬೇಕು ಎಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ವಿಜಯಪುರದ ರಸ್ತೆಗಳಲ್ಲಿ ಸೇರಿದ ಜನಸಾಗರದಲ್ಲಿ ನಮ್ಮ ಚರ್ಚಿನವರೂ ಇದ್ದರು. ನಾನೆಂಬುದನ್ನು ಕಳಚಿಡುವ ದಾರಿ ಅವರದು. ಕಳಚಿದ್ದನ್ನು ಇನ್ನೊಬ್ಬನ ಬದಲಿಗೆ ಕೊಟ್ಟುಬಿಡುವ ದಾರಿ ಶಿಲುಬೆಯದು. ಎರಡೂ ಎಲ್ಲೋ ಒಂದು ಕಡೆ ಕೂಡುತ್ತವೆ ಎಂದು ನಾನು ನಂಬಿದ್ದೇನೆ.

ಇನ್ನೊಬ್ಬನ ಬದಲಿಗೆ ಎಂಬುದನ್ನು ನಮಗೆ ಧರ್ಮೋಪದೇಶದ ತರಗತಿಯಲ್ಲಿ ಸಿಸ್ಟರ್ ಕಲಿಸಿದ್ದು ಮ್ಯಾಕ್ಸಿಮಿಲಿಯನ್ ಕೊಲ್ಬೆಯ ಕಥೆಯಿಂದ. 1941ರಲ್ಲಿ ಆಷ್‌ವಿಟ್ಜ್ ಸೆರೆಶಿಬಿರದಲ್ಲಿ ಹತ್ತು ಜನರನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದರು. ಅವರಲ್ಲಿ ಫ್ರಾನ್ಸಿಸ್ಜೆಕ್ ಗಾಯೊವ್ನಿಚೆಕ್ ಎಂಬಾತ ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಪೋಲೆಂಡಿನ ಗುರು ಕೊಲ್ಬೆ ಸಾಲಿನಿಂದ ಹೊರಬಂದು, ಅವನ ಬದಲಿಗೆ ತನ್ನನ್ನು ಕಳಿಸಿ ಎಂದು ಕೇಳಿಕೊಂಡ. ಆಗಸ್ಟ್ 14ರಂದು ಅವನನ್ನು ಕೊಂದರು. 1982ರಲ್ಲಿ ಕೊಲ್ಬೆಯನ್ನು ಸಂತನೆಂದು ಸಾರಿದ ದಿನ ಗಾಯೊವ್ನಿಚೆಕ್ ಅಲ್ಲಿದ್ದ. 1995ರವರೆಗೂ ಬದುಕಿದ. ಕೊಲ್ಬೆಗೆ ಸಾವು ಪ್ರಿಯವಾಗಿರಲಿಲ್ಲ, ಆ ಮನುಷ್ಯನ ಬದುಕು ಪ್ರಿಯವಾಗಿತ್ತು. ಅಪ್ಪನ ಮೆಚ್ಚಿನ ಕಥೆ ಬೇರೆ. ಅಗಸ್ಟಸ್ ಮುಲ್ಲರ್ ಎಂಬ ಯೇಸುಸಭೆಯ ಗುರು ಯುರೋಪಿನಿಂದ ಬಂದು, 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧ ಕೊಡತೊಡಗಿ, 1890ರಲ್ಲಿ ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿ, 1910ರಲ್ಲಿ ಅಲ್ಲಿಯೇ ಮಣ್ಣಾದರು. ಅಪ್ಪ ಹೇಳುತ್ತಿದ್ದರು, ಒಂದೇ ದಿನ ಪ್ರಾಣ ಕೊಡುವುದು ಒಂದು ಬಗೆ, ಮೂವತ್ತು ವರ್ಷ ದಿನವೂ ಸ್ವಲ್ಪ ಸ್ವಲ್ಪ ಕೊಡುವುದು ಇನ್ನೊಂದು ಬಗೆ.

ತ್ಯಾಗದ ಮಾತನ್ನು ಬಲವಿದ್ದವರು ಬಲವಿಲ್ಲದವರ ಮೇಲೆ ಹೊರಿಸುವುದೂ ಉಂಟು. ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಗಂಡ ಕುಡಿದು ಬಂದು ಬಡಿಯುತ್ತಿದ್ದ. ನಿನ್ನ ಶಿಲುಬೆ ನೀನು ಹೊರಬೇಕು ಎಂದು ಹತ್ತಿರದವರು ಅವಳಿಗೆ ಬುದ್ಧಿ ಹೇಳಿದ್ದರು. ಅವಳು ಅವ್ವನ ಬಳಿ ಅದನ್ನೇ ಹೇಳಿಕೊಂಡು ಅತ್ತಳು. ಅವ್ವನ ಸಿಟ್ಟನ್ನು ನಾನು ಕಂಡದ್ದು ಆಗ. "ಅವನ ಕೈಯಾಗಿನ ಬಡಗಿಗಿ ಶಿಲುಬಿ ಅನ್ನಬ್ಯಾಡ ತಂಗಿ. ಕಪಾಳಕ್ಕ ಹೊಡದಾಗ ಯೇಸುಸ್ವಾಮಿನೂ ಯಾಕ ಹೊಡದಿ ಅಂತ ಕೇಳ್ಯಾನ" ಎಂದಳು. ಯೊವಾನ್ನನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಆ ಪ್ರಶ್ನೆ ಇದೆ. ನಾನು ಹೇಳಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆಯುತ್ತೀ ಎಂದು ಕಟ್ಟಿದ ಕೈಗಳಲ್ಲೇ ಕೇಳಿದ ಪ್ರಶ್ನೆ. ಅವ್ವ ಅಂದೇ ಅವಳನ್ನೂ ಮಕ್ಕಳನ್ನೂ ಬಸ್ಸು ಹತ್ತಿಸಿ ತವರಿಗೆ ಮುಟ್ಟಿಸಿದಳು. ಆ ಗಂಡ ನಮ್ಮ ಬಾಗಿಲಲ್ಲಿ ನಿಂತು ಆಡಿದ ಮಾತುಗಳನ್ನು ತಿಂಗಳುಗಟ್ಟಲೆ ಕೇಳಿಸಿಕೊಂಡಳು. ಅದು ಅವಳು ತಾನಾಗಿ ಹೊತ್ತ ಭಾರ.

ನಿವೃತ್ತಿಯ ಬಳಿಕ ಅವ್ವನಿಗೆ ಕ್ಯಾನ್ಸರ್ ಬಂತು. ಶಸ್ತ್ರಚಿಕಿತ್ಸೆ, ಔಷಧ ಎಲ್ಲ ಆದವು. ಕೊನೆಯ ತಿಂಗಳುಗಳಲ್ಲಿ ನೋವು ಎಲುಬಿಗಿಳಿಯಿತು. ಡಾಕ್ಟರು ಮಾರ್ಫಿನ್ ಬರೆದುಕೊಟ್ಟರು. ಸಂತರ ಹಾಗೆ ಸಹಿಸಬೇಕಲ್ಲವೇ ಎಂದು ನೆಂಟರೊಬ್ಬರು ಅಳುಕಿದಾಗ ಅವ್ವ, ಗುಳಿಗಿ ತಗೊಳ್ಳೂದು ಪಾಪ ಅಲ್ಲ ಎಂದು ತಾನೇ ಕೈಚಾಚಿದಳು. ಹನ್ನೆರಡನೆಯ ಪಿಯುಸ್ ಪೋಪರು 1957ರಷ್ಟು ಹಿಂದೆಯೇ ಅರಿವಳಿಕೆ ತಜ್ಞರಿಗೆ ಉತ್ತರಿಸುತ್ತ, ನೋವು ತಗ್ಗಿಸುವ ಔಷಧ ಕೊಡಬಹುದು, ಬೇರೆ ದಾರಿಯಿಲ್ಲದಾಗ ಅದರಿಂದ ಆಯುಷ್ಯ ತುಸು ಕಡಿಮೆಯಾದರೂ ತಪ್ಪಿಲ್ಲ ಎಂದಿದ್ದರು. ನಮ್ಮ ಗುರುಗಳು ಬಂದು ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ ರೋಗಿಗಳ ಅಭ್ಯಂಗ ಕೊಟ್ಟರು. ಸಾಯುವವರಿಗೆ ಮಾತ್ರ ಎಂದು ಜನ ಹೆದರುತ್ತಿದ್ದ ಆ ಸಂಸ್ಕಾರವನ್ನು 1972ರಲ್ಲಿ ಆರನೆಯ ಪೌಲ್ ಪೋಪರು ಗಂಭೀರ ರೋಗದಲ್ಲಿರುವವರೆಲ್ಲರ ಬಲಕ್ಕಾಗಿ ಮತ್ತೆ ರೂಪಿಸಿದ್ದರು. ಎಣ್ಣೆ ಹಚ್ಚಿದ ಕೈಗಳನ್ನು ಅವ್ವ ಬಹಳ ಹೊತ್ತು ನೋಡಿಕೊಂಡಳು. ಎಷ್ಟು ಕೂಸುಗಳನ್ನು ಹಿಡಿದ ಕೈಗಳು.

ಅವಳಿಗೆ ನಿಜವಾಗಿ ಕಷ್ಟವಾದದ್ದು ಇನ್ನೊಬ್ಬರ ಕೈಯಿಂದ ಮಾಡಿಸಿಕೊಳ್ಳುವುದು. ಮೈ ತೊಳೆಸಲು ಹೋದರೆ ಬೇಡ ಎನ್ನುತ್ತಿದ್ದಳು. ಬಟ್ಟೆ ಬದಲಿಸಲು ಹೋದರೆ ಮುಖ ತಿರುಗಿಸುತ್ತಿದ್ದಳು. ತಿಕೋಟಾದಿಂದ, ಬಬಲೇಶ್ವರದಿಂದ ಹೆಂಗಸರು ಬರತೊಡಗಿದರು. ಕೆಲವರು ಅವಳು ಹೆರಿಗೆ ಮಾಡಿಸಿದವರು, ಕೆಲವರು ಅವಳ ಕೈಯಲ್ಲಿ ಹುಟ್ಟಿದವರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಂಟು ಕಟ್ಟಿದ ಒಣದ್ರಾಕ್ಷಿ ತಂದು ಮಂಚದ ಬುಡದಲ್ಲಿ ಕೂತು, ನರ್ಸಬಾಯಾರ ಕಾಲು ಒತ್ತುತೇವ್ರಿ ಎನ್ನುತ್ತಿದ್ದರು. ಅವಳು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದು ದಿನ ನಾನು ಕೇಳಿದೆ: "ಸೀಮೋನ ಬಂದಾಗ ಯೇಸುಸ್ವಾಮಿ ಬ್ಯಾಡ ಅಂದನೇನವ್ವಾ?" ಅವ್ವ ನನ್ನ ಮುಖ ನೋಡಿದಳು. ಆಮೇಲೆ ನಕ್ಕು ತೋಳು ಮೇಲೆತ್ತಿದಳು. ಅಂದಿನಿಂದ ಕೊನೆಯವರೆಗೂ ನಾನು ಅವಳ ಮೈ ತೊಳೆದೆ. ಅವಳ ಕಾಲುಗಳನ್ನು ಬಬಲೇಶ್ವರದ ಹೆಂಗಸರು ಒತ್ತಿದರು.

ಐದನೆಯ ಸ್ಥಳದ ಮುಂದೆ ಜೀವಮಾನವೆಲ್ಲ ಮೊಣಕಾಲೂರಿದವಳು ತನ್ನನ್ನು ಸೀಮೋನನ ಜಾಗದಲ್ಲೇ ನಿಲ್ಲಿಸಿಕೊಂಡಿದ್ದಳು. ಆ ಚಿತ್ರದಲ್ಲಿ ಇನ್ನೊಬ್ಬನಿದ್ದಾನೆ, ಭಾರ ತಾಳದೆ ಬಾಗಿ ಇನ್ನೊಬ್ಬನ ಹೆಗಲನ್ನು ಒಪ್ಪಿಕೊಂಡವನು. ಲೋಕದ ಪಾಪ ಹೊರಲು ಬಂದವನೆಂದು ನಾವು ನಂಬುವ ದೇವರೇ ತನ್ನ ಮರದ ತುಂಡನ್ನು ಒಬ್ಬನೇ ಹೊತ್ತು ಗುಡ್ಡ ಮುಟ್ಟಲಿಲ್ಲ. ಹಾಗಿದ್ದ ಮೇಲೆ ಮನುಷ್ಯರಿಂದ ಅದನ್ನು ಯಾರು ಕೇಳಬಹುದು?

ಅವ್ವ ಹೋದ ಮೇಲೆ ನಾನು ಈ ಪ್ರಶ್ನೆಯನ್ನು ನಮ್ಮ ಮನೆಗಳ ಮುಂದೆ, ನಮ್ಮ ಸಭೆಗಳ ಮುಂದೆ ಇಡುತ್ತ ಬಂದಿದ್ದೇನೆ. ಲಕ್ವ ಹೊಡೆದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆ ನಮ್ಮಲ್ಲಿದ್ದಾಳೆ, ಬುದ್ಧಿ ಬೆಳೆಯದ ಮಗನನ್ನು ಒಂಟಿಯಾಗಿ ಸಾಕುವ ತಾಯಿ ಇದ್ದಾಳೆ, ಅವ್ವ ನಡೆದ ದಾರಿಗಳಲ್ಲೇ ಇವತ್ತು ಓಡಾಡುವ ಆಶಾ ಕಾರ್ಯಕರ್ತೆಯರಿದ್ದಾರೆ. ಅವರನ್ನು ತ್ಯಾಗಮಯಿ ಎಂದು ಶಾಲು ಹೊದಿಸುವುದು ಸುಲಭ. ವಾರಕ್ಕೆರಡು ರಾತ್ರಿ ಹೋಗಿ ಆ ಅತ್ತೆಯ ಮಗ್ಗುಲಲ್ಲಿ ಕೂತು ಸೊಸೆಗೆ ನಿದ್ದೆ ಕೊಡುವುದು ಕಷ್ಟ, ಮತ್ತು ಧರ್ಮ ಕೇಳುವುದು ಅದನ್ನೇ. ನನಗೆ ಬೇಕಾದ ಉಪವಾಸವೆಂದರೆ ನೊಗ ಮುರಿಯುವುದು, ಹಸಿದವನೊಂದಿಗೆ ರೊಟ್ಟಿ ಹಂಚಿಕೊಳ್ಳುವುದು ಎಂಬರ್ಥದಲ್ಲಿ ಯೆಶಾಯನ ಬಾಯಿಂದ ದೇವರು ಹೇಳಿದ್ದನ್ನು ಪ್ರತಿ ತಪಸ್ಸುಕಾಲದಲ್ಲೂ ನಮ್ಮ ಬಲಿಪೂಜೆಯಲ್ಲಿ ಓದುತ್ತೇವೆ.

ನಮ್ಮ ಚರ್ಚಿನ ಕೆಲವು ಹೆಂಗಸರು ಈಗ ಹಾಗೆ ಸರದಿ ಹಾಕಿಕೊಂಡು ಹೋಗುತ್ತೇವೆ. ಯಾರ ಮನೆ, ಯಾವ ಜಾತಿ, ಯಾವ ದೇವರು ಎಂದು ಕೇಳುವುದಿಲ್ಲ. ನಿದ್ದೆಗೆಟ್ಟ ಕಣ್ಣು ಉರಿಯುತ್ತದೆ, ಸೊಂಟ ಹಿಡಿಯುತ್ತದೆ. ಅದನ್ನು ಆ ಮನೆಯವರ ಹೆಸರಿನಲ್ಲಿ ಸ್ವಾಮಿಗೆ ಒಪ್ಪಿಸುತ್ತೇನೆ. ಒಪ್ಪಿಸಿದ ನೋವು ಎಲ್ಲಿಗೆ ಹೋಗಿ ಏನಾಗುತ್ತದೆಂಬುದು ದೇವರಿಗೆ ಬಿಟ್ಟದ್ದು. ಆ ರಾತ್ರಿ ಒಬ್ಬಳು ಸೊಸೆ ನಿಶ್ಚಿಂತೆಯಿಂದ ಮಲಗಿದಳೆಂಬುದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ, ಮತ್ತು ಶಿಲುಬೆ ಹೊರುವುದೆಂದರೆ ಇದೇ ಎಂದು ಯಾರ ಮುಂದೆಯೂ ಹೇಳಬಲ್ಲೆ.